ಮೇಲಿನ ಎಂಟು ಸ್ವರ

ಜನವರಿ 9

ಪ್ರೀತಿಯ ಅಪ್ಪನಿಗೆ,

ನಾಲ್ಕು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀವು "ತಗೋ, ನಿಮ್ಮಮ್ಮನ ಹತ್ರ ಮಾತಾಡು" ಎಂದು ದಾಟಿಸಿಬಿಡುತ್ತೀರಿ. ಕಾಗದದ ಮೇಲೆ ನಿಮ್ಮ ಹೆಸರಿದೆ, ನೀವೇ ಓದಬೇಕು.

ಜಗಳದ ವಿಷಯ ಮೊದಲೇ ಮುಗಿಸುತ್ತೇನೆ. ನೀವು ಮೂವತ್ತು ವರ್ಷ ಶ್ರುತಿ ಮಾಡಿದ ಶಾಲೆಯ ಪಿಯಾನೊ ಹೊರಗೆ ಹೋಗಿ ಅದರ ಜಾಗಕ್ಕೆ ನಮ್ಮ ಕಂಪನಿಯ ಕೀಬೋರ್ಡ್ ಬಂತು. ಅದನ್ನು ಆ ಸಭಾಂಗಣದಲ್ಲಿ ನುಡಿಸಿ ತೋರಿಸಿದವಳು ನಾನೇ. ಅಂದು ರಾತ್ರಿ ಊಟಕ್ಕೆ ಕೂತಾಗ ನೀವು "ನಾನು ಕಟ್ಟಿದ್ದನ್ನ ಕೆಡವೋಕೆ ನನ್ನ ಮಗಳೇ ಬೇಕಿತ್ತಾ" ಎಂದಿರಿ. ನಾನು ಊಟ ಬಿಟ್ಟು ಎದ್ದುಹೋದೆ.

ಇನ್ನು ಕೆಲಸದ ಮಾತು. ಕಂಪನಿ ಹೊಸ ಕೀಬೋರ್ಡ್ ಮಾಡುತ್ತಿದೆ. ಅದರೊಳಗಿನ ಪಿಯಾನೊ ದನಿಯ ಹೊಣೆ ನನ್ನದು. ನಿಜವಾದ ಪಿಯಾನೊದ ಎಂಬತ್ತೆಂಟು ಕೀಗಳನ್ನೂ ಒಂದೊಂದಾಗಿ, ಮೆಲ್ಲಗೆ, ಜೋರಾಗಿ, ಹತ್ತಾರು ಬಗೆಯಲ್ಲಿ ಒತ್ತಿ ರೆಕಾರ್ಡ್ ಮಾಡಬೇಕು. ಆ ತುಣುಕುಗಳಿಗೆ ಸ್ಯಾಂಪಲ್ ಎನ್ನುತ್ತೇವೆ. ಕೀಬೋರ್ಡಿನ ಕೀ ಒತ್ತಿದಾಗ ಕೇಳುವುದು ಅದೇ ತುಣುಕು. ಅದಕ್ಕೆ ಮೊದಲು, ಈಗಿರುವ ಯಂತ್ರಗಳಲ್ಲಿ ಸುಳ್ಳು ಎಲ್ಲೆಲ್ಲಿ ಕೇಳಿಸುತ್ತದೆ ಎಂದು ತಿಳಿಯಬೇಕು. ಇಲ್ಲಿ ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಾರೆ. ನನಗೆ ಬೈಯುವವರು ಬೇಕು.

ಜೊತೆಗಿರುವ ಸಿ.ಡಿ.ಯಲ್ಲಿ ನಾಲ್ಕು ಯಂತ್ರಗಳಿವೆ. ನಾಲ್ಕರಲ್ಲೂ ಮೊದಲು ಅದೇ ಒಂದು ಚಿಕ್ಕ ರಚನೆ, ಆಮೇಲೆ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಕೀ. ಯಾವುದು ಯಾರದ್ದೆಂದು ಹೇಳುವುದಿಲ್ಲ. ಹೆಡ್‌ಫೋನ್ ಕೂಡ ಇಟ್ಟಿದ್ದೇನೆ. ಉತ್ತರ ಬಾರದಿದ್ದರೆ ಇನ್ನೊಂದು ಸಿ.ಡಿ. ಕಳಿಸುತ್ತೇನೆ, ಅದಕ್ಕೂ ಬಾರದಿದ್ದರೆ ಮೂರನೆಯದು. ನನ್ನ ಹಠ ಯಾರಿಂದ ಬಂದದ್ದೆಂದು ನಿಮಗೆ ಗೊತ್ತೇ ಇದೆ.

ನಿಮ್ಮ ಮಗಳು


ಜನವರಿ 27

ಮಗಳಿಗೆ,

ಸಿ.ಡಿ. ಬಂದು ಹತ್ತು ದಿನ ಅಲಮಾರಿಯ ಮೇಲೆ ಕೂತಿತ್ತು. ನಿಮ್ಮಮ್ಮ ದಿನಕ್ಕೆರಡು ಸಲ ಅದರ ಧೂಳು ಒರೆಸುತ್ತಿದ್ದಳು. ಮನೆಯಲ್ಲಿ ಬೇರೆ ಯಾವುದರ ಧೂಳೂ ಅವಳಿಗೆ ಕಾಣುತ್ತಿರಲಿಲ್ಲ. ಕಾಟ ತಾಳಲಾರದೆ ಕೇಳಿದೆ. ಬೈಯುವವರು ಬೇಕು ಅಂದೆಯಲ್ಲ, ತಗೋ.

ಒಂದನೆಯದರಲ್ಲಿ ಒಂದೇ ಕೀಯನ್ನು ಬೇಗಬೇಗ ಐದು ಸಲ ಒತ್ತಿದ ಕಡೆ ಐದು ಸಲವೂ ಒಂದೇ ದನಿ. ನಿಜವಾದ ಸುತ್ತಿಗೆ ತಂತಿಗೆ ಎರಡು ಸಲ ಒಂದೇ ಥರ ಹೊಡೆದದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಮೊದಲ ಏಟಿಗೆ ತಂತಿ ಸುಮ್ಮನೆ ಮಲಗಿರುತ್ತದೆ, ಎರಡನೆಯ ಏಟಿನ ಹೊತ್ತಿಗೆ ಆಗಲೇ ಅಲುಗುತ್ತಿರುತ್ತದೆ, ದನಿ ಒಂದೇ ಹೇಗಾದೀತು? ಇದು ಪಿಯಾನೊ ಅಲ್ಲ, ಕಚೇರಿಯ ಠಸ್ಸೆ.

ಎರಡನೆಯದನ್ನು ಮಾಡಿದವರು ಶುದ್ಧ ಸೋಮಾರಿಗಳು. ಒಂದು ಕೀಯ ದನಿಯನ್ನೇ ಹಿಡಿದು ಎಳೆದು ಪಕ್ಕದ ಎರಡು ಕೀಗಳಿಗೂ ಹೊಂದಿಸಿದ್ದಾರೆ. ಅಣ್ಣನ ಅಂಗಿಯನ್ನು ತಮ್ಮಂದಿರಿಬ್ಬರಿಗೂ ತೊಡಿಸಿದ ಹಾಗೆ, ಒಬ್ಬನಿಗೆ ತೋಳು ಉದ್ದ, ಇನ್ನೊಬ್ಬನಿಗೆ ಗುಂಡಿ ಕೂಡುವುದಿಲ್ಲ. ಸಾಲದ್ದಕ್ಕೆ, ಹಿಡಿದ ಸ್ವರ ಸಾಯುವುದೇ ಇಲ್ಲ, ಎರಡು ಮೂರು ಸೆಕೆಂಡಿನ ತುಣುಕೇ ತಿರುತಿರುಗಿ ಬರುತ್ತದೆ. ಪಿಯಾನೊ ಸ್ವರ ಹುಟ್ಟಿದ ಗಳಿಗೆಯಿಂದಲೇ ಇಳಿಯಲು ತೊಡಗಬೇಕು.

ನಾಲ್ಕನೆಯದರಲ್ಲಿ ಒಂದೊಂದೇ ಕೀ ಕೇಳಿದರೆ ತಪ್ಪು ಹುಡುಕುವುದು ಕಷ್ಟ. ನಾಲ್ಕು ಕೀ ಕೂಡಿಸಿ ಒತ್ತಿ ಪೆಡಲ್ ತುಳಿದಾಗ ಬಣ್ಣ ಬಯಲಾಗುತ್ತದೆ. ನಿಜವಾದ ಪಿಯಾನೊದಲ್ಲಿ ಪೆಡಲ್ ತುಳಿದರೆ ಹೊಡೆಯದ ತಂತಿಗಳೂ ತಾವಾಗಿ ದನಿಗೂಡಿಸುತ್ತವೆ. ಇಲ್ಲಿ ಪಾಲಾದ ಅಣ್ಣತಮ್ಮಂದಿರ ಹಾಗೆ ಯಾರ ಪಾಡು ಯಾರಿಗೋ.

ಮೂರನೆಯದು ಇದ್ದುದರಲ್ಲಿ ವಾಸಿ. ಕೀ ಬಿಟ್ಟಾಗ ಉಣ್ಣೆಯ ಫೆಲ್ಟ್ ಬಂದು ತಂತಿಯ ಮೇಲೆ ಕೂರುವ ಮೆತ್ತನೆಯ ಸದ್ದನ್ನೂ ಹಿಡಿದಿದ್ದಾರೆ, ಯಾರೋ ಕಿವಿಗೊಟ್ಟು ಕೇಳಿದ್ದಾರೆ. ಆದರೆ ಮಧ್ಯದ ಸ್ವರಗಳನ್ನು ಎಷ್ಟು ಜೋರಾಗಿ ಒತ್ತಿದರೂ ಅವಕ್ಕೆ ಸಿಟ್ಟೇ ಬರುವುದಿಲ್ಲ, ಬರೀ ದನಿ ದೊಡ್ಡದಾಗುತ್ತದೆ. ಮೇಲಿನ ಎಂಟು ಸ್ವರಗಳ ಮಟ್ಟಿಗೆ ನಾಲ್ಕರ ಪೈಕಿ ಇದೇ ನಿರ್ಮಲ, ಎಲ್ಲೂ ಕೊಂಕಿಲ್ಲ. ಮೂರನೆಯದು ನಿನ್ನದೇ ಎಂದು ಊಹಿಸಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಳ್ಳಬೇಡ, ಕೇಳಿಸಿದ್ದನ್ನು ಬರೆದಿದ್ದೇನೆ.

ಹೆಡ್‌ಫೋನ್ ಬಿಗಿ. ನಿಮ್ಮಮ್ಮ ಕ್ಷೇಮ.

ಇತಿ,
ಅಪ್ಪ


ಫೆಬ್ರವರಿ 5

ಅಪ್ಪಾ,

ನಿಮ್ಮ ಕಾಗದವನ್ನು ವಿಭಾಗದಲ್ಲಿ ಗಟ್ಟಿಯಾಗಿ ಓದಿದೆ. ಠಸ್ಸೆ ಎನ್ನುವ ಮಾತು ಈಗ ಇಲ್ಲಿ ಎಲ್ಲರ ಬಾಯಲ್ಲಿದೆ. ತೊಂದರೆ ಏನೆಂದರೆ ಆ ಒಂದನೆಯ ಯಂತ್ರದ ದನಿ ನಮ್ಮ ವಿಭಾಗದ ಮುಖ್ಯಸ್ಥರೇ ಮಾಡಿದ್ದು. ಶ್ರುತಿ ಅಳೆಯುವ ಮೀಟರನ್ನು ಅವರು ಜೇಬಿನಿಂದ ಇಳಿಸುವುದೇ ಇಲ್ಲ, ಅದಕ್ಕೇ ಬೆನ್ನ ಹಿಂದೆ ಅವರನ್ನು ಮೀಟರಣ್ಣ ಎನ್ನುತ್ತೇವೆ. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದವರು ಮೂರನೆಯ ದಿನ ತಾವಾಗಿ ಬಂದು, ನಿಮ್ಮ ತಂದೆ ಹೇಳಿದ್ದು ಸರಿ ಎಂದರು.

ಏಪ್ರಿಲ್‌ನಲ್ಲಿ ಇಲ್ಲಿನ ಸಭಾಂಗಣಕ್ಕೆ ದೊಡ್ಡ ಪಿಯಾನೊ ಬರುತ್ತದೆ. ಹನ್ನೆರಡು ದಿನ ರೆಕಾರ್ಡಿಂಗ್. ಅದರ ಶ್ರುತಿಯನ್ನು ನೀವು ಮಾಡಬೇಕು. ಬಡಗಿ ಮಾಡಿದ ಮೇಜು ಉಳಿಯುತ್ತದೆ, ದರ್ಜಿ ಹೊಲಿದ ಕೋಟು ಹತ್ತು ವರ್ಷ ಬರುತ್ತದೆ, ನನ್ನ ಕೆಲಸ ಮಾತ್ರ ಆರು ತಿಂಗಳಿಗೆ ಇಳಿದುಹೋಗುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ಇದು ಇಳಿಯುವುದಿಲ್ಲ. ಒಮ್ಮೆ ಹಿಡಿದಿಟ್ಟ ಶ್ರುತಿ ಆ ಯಂತ್ರಗಳು ಇರುವಷ್ಟು ದಿನವೂ ಹಾಗೇ ಇರುತ್ತದೆ. ನಲವತ್ತೆರಡು ವರ್ಷದ ನಿಮ್ಮ ಕೆಲಸದಲ್ಲಿ ಒಂದಾದರೂ ಉಳಿಯಲಿ ಎಂದು ನನಗೆ ಆಸೆ. ಬೇರೆ ಯಾರನ್ನೂ ಕರೆಯುವುದಿಲ್ಲ ಎಂದು ಇಲ್ಲಿ ಹೇಳಿಯಾಗಿದೆ.

ನಿಮ್ಮ ಮಗಳು


ಫೆಬ್ರವರಿ 5

ಅಮ್ಮಾ,

ಇದನ್ನು ಪಕ್ಕದ ಮನೆಯ ಟೀಚರ್ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಪ್ಪನಿಗೆ ತೋರಿಸಬೇಡ.

ಅಪ್ಪನ ಕಾಗದ ಬಂದ ಮೇಲೆ ಸಿ.ಡಿ.ಯನ್ನು ನಾನೂ ಮತ್ತೊಮ್ಮೆ ಕೇಳಿದೆ. ಆಗ ನನ್ನ ತಪ್ಪು ಗೊತ್ತಾಯಿತು. ಮೂರನೆಯದು ನನ್ನದೇ ಪ್ರಯೋಗದ ಯಂತ್ರ, ಅದಕ್ಕೆ ಮೇಲಿನ ಎಂಟು ಕೀಗಳ ದನಿ ತುಂಬುವುದನ್ನೇ ನಾನು ಮರೆತಿದ್ದೆ. ಅಲ್ಲಿ ಸ್ವರವೇ ಇಲ್ಲ. ಕೀ ತಳಕ್ಕೆ ತಾಗುವ ಟಕ್ ಟಕ್ ಸದ್ದು ಮಾತ್ರ ಇದೆ. ಅಪ್ಪ ಅದನ್ನೇ ನಿರ್ಮಲ ಎಂದು ಬರೆದಿದ್ದಾರೆ.

ಉಳಿದದ್ದನ್ನೆಲ್ಲ ಅಷ್ಟು ಸೂಕ್ಷ್ಮವಾಗಿ ಹಿಡಿದವರು ಇದನ್ನು ಬಿಡುವುದುಂಟೇ? ಅಪ್ಪನಿಗೆ ಆ ಸ್ವರಗಳು ಕೇಳಿಸುವುದಿಲ್ಲವಾ ಅಮ್ಮ? ಎಷ್ಟು ದಿನದಿಂದ? ಇದು ಗೊತ್ತಾದ ಮೇಲೂ ಶ್ರುತಿಗೆ ಅವರನ್ನೇ ಕರೆದಿದ್ದೇನೆ, ಬೇರೆಯವರನ್ನು ಕರೆಯಲು ಮನಸ್ಸು ಬರಲಿಲ್ಲ. ಆದರೆ ಹೆದರಿಕೆಯಾಗುತ್ತಿದೆ. ಬೇಗ ಬರೆ.

ನಿನ್ನ ಮಗಳು


ಫೆಬ್ರವರಿ 13

ಮಗಳೇ,

ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡುವುದಿಲ್ಲ. ಕಿವಿ ಅವರದ್ದು, ಹೇಳಬೇಕಾದವರೂ ಅವರೇ.

ಇಷ್ಟು ಮಾತ್ರ ಹೇಳುತ್ತೇನೆ. ನಾಲ್ಕು ವರ್ಷದಿಂದ ಅವರು ಶ್ರುತಿಗೆ ಹೋದಲ್ಲೆಲ್ಲ ನಾನೂ ಹೋಗುತ್ತಿದ್ದೇನೆ. ಈ ವಯಸ್ಸಿನಲ್ಲೂ ಗಂಡನನ್ನು ಬಿಟ್ಟಿರಲಾರಳು ಎಂದು ಜನ ನಗುತ್ತಾರೆ, ನಗಲಿ. ಅಲ್ಲಿಗೂ ಇಬ್ಬರೂ ಬರುತ್ತೇವೆ. ಒಬ್ಬರಿಗೇ ಟಿಕೆಟ್ ಕಳಿಸಿದರೆ ಒಬ್ಬರೂ ಬರುವುದಿಲ್ಲ.

ಇನ್ನು ಮೇಲೆ ಟೀಚರ್ ಮನೆಗೆ ಕಾಗದ ಹಾಕಬೇಡ. ಕೈಗೆ ಕೊಡುವಾಗ ಏನೋ ಗುಟ್ಟು ಎಂದುಕೊಂಡು ಕಣ್ಣು ಹೊಡೆದರು.

ನಿನ್ನ ಅಮ್ಮ


ಫೆಬ್ರವರಿ 14

ಮಗಳಿಗೆ,

ಬರುತ್ತೇನೆ. ನನ್ನ ಷರತ್ತುಗಳಿವೆ, ನಿನ್ನ ಮೀಟರಣ್ಣನಿಗೂ ಓದಿ ಹೇಳು.

ಶ್ರುತಿಗೆ ಎರಡು ಪೂರ್ತಿ ದಿನ ಬೇಕು. ಆ ಹೊತ್ತಿನಲ್ಲಿ ಸಭಾಂಗಣದ ಬಾಗಿಲು ಹಾಕಿರಬೇಕು. ಒಳಗೆ ನಾನು ಮತ್ತು ನಿಮ್ಮಮ್ಮ ಬಿಟ್ಟರೆ ನರಪಿಳ್ಳೆಯೂ ಇರಕೂಡದು, ನೀನೂ ಸೇರಿ. ಮೀಟರು ಹೊರಗೆ. ಫ್ಯಾನು, ಏಸಿ ಯಾವುದೂ ಸದ್ದು ಮಾಡಬಾರದು. ರೆಕಾರ್ಡಿಂಗ್ ನಡೆಯುವಷ್ಟು ದಿನವೂ ಬೆಳಿಗ್ಗೆ ಒಂದು ಗಂಟೆ ಪಿಯಾನೊ ನನಗೆ ಬಿಟ್ಟುಕೊಡಬೇಕು, ಇಳಿದ ತಂತಿಗಳನ್ನು ಮತ್ತೆ ಏರಿಸುತ್ತೇನೆ.

ಇದಕ್ಕೆಲ್ಲ ಒಪ್ಪಿಗೆಯಾದರೆ ತಾರೀಖು ತಿಳಿಸು. ಕೂಲಿಗಾಗಿ ಬರುತ್ತಿಲ್ಲ. ಉಳಿಯುತ್ತದೆ ಅಂದೆಯಲ್ಲ, ಅದಕ್ಕೆ ಬರುತ್ತಿದ್ದೇನೆ.

ಇತಿ,
ಅಪ್ಪ


ಮೇ 11

ಅಪ್ಪಾ,

ರೆಕಾರ್ಡಿಂಗ್ ಮುಗಿದು ನೀವಿಬ್ಬರೂ ಊರಿಗೆ ಹೊರಟ ಮೇಲೆ ಇಲ್ಲಿ ತುಣುಕುಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಶುರುವಾಗಿದೆ. ಇದೇ ದನಿ ಮುಂದಿನ ಹತ್ತು ವರ್ಷ ನಮ್ಮ ಎಲ್ಲ ಕೀಬೋರ್ಡುಗಳಲ್ಲೂ ಇರುತ್ತದೆ. ಮಧ್ಯದ ಸ್ವರಗಳಿಗೆ ಈಗ ಸಿಟ್ಟು ಬರುತ್ತದೆ, ನಿಮ್ಮಷ್ಟೇ ಬರುತ್ತದೆ. ಪೆಡಲ್ ತುಳಿದರೆ ಉಳಿದ ತಂತಿಗಳ ದನಿಯೂ ಕೂಡಿಕೊಳ್ಳುತ್ತದೆ.

ಒಂದು ಸಮಸ್ಯೆ ಬಂದಿದೆ. ಮೇಲಿನ ಎಂಟು ಸ್ವರಗಳು ಮೀಟರಿನ ಗೆರೆಗಿಂತ ಮೇಲಿವೆ. ಕಿವಿಗೆ ಹಿತವಾಗಲೆಂದು ಎಲ್ಲರೂ ಆ ಭಾಗವನ್ನು ಕೊಂಚ ಏರಿಸುತ್ತಾರೆ, ಅದು ನನಗೆ ಗೊತ್ತು. ಇವು ಅದಕ್ಕಿಂತ ಹೆಚ್ಚು ಏರಿವೆ. ಕಂಪ್ಯೂಟರಿನಲ್ಲಿ ಕೆಳಗಿಳಿಸಿಬಿಡೋಣ, ಅರ್ಧ ಗಂಟೆಯ ಕೆಲಸ ಎನ್ನುತ್ತಾರೆ ಮೀಟರಣ್ಣ. ನಾನು ಎರಡು ವಾರ ತಡೆದಿದ್ದೇನೆ. ತಡೆಯಲು ಕಾರಣ ಕೇಳುತ್ತಾರೆ.

ಅದಕ್ಕೇ ಕೇಳುತ್ತಿದ್ದೇನೆ. ಜನವರಿಯ ಸಿ.ಡಿ.ಯಲ್ಲಿ ಮೂರನೆಯ ಯಂತ್ರದ ಮೇಲಿನ ಎಂಟು ಕೀಗಳಿಗೆ ಸ್ವರವೇ ಇರಲಿಲ್ಲ. ನನ್ನ ತಪ್ಪಿನಿಂದ ಬಿಟ್ಟುಹೋಗಿತ್ತು. ನೀವು ಅದನ್ನು ನಿರ್ಮಲ ಅಂದಿರಿ. ಇಲ್ಲಿ ಆ ಎರಡು ದಿನ ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು, ಒಳಗೆ ಹೋಗಿ ಕೇಳಿಬಿಡಲೇ ಎಂದು ಹತ್ತು ಸಲ ಎದ್ದೆ, ಹತ್ತು ಸಲವೂ ಕೂತೆ. ಅಪ್ಪಾ, ಆ ಎಂಟು ಸ್ವರ ನಿಮಗೆ ಕೇಳಿಸುತ್ತವೆಯೇ? ಬೇಕೆಂದೇ ಏರಿಸಿದ್ದೋ, ಗೊತ್ತಾಗದೆ ಏರಿದ್ದೋ? ಏನೇ ಇರಲಿ, ನಿಜ ಬರೆಯಿರಿ. ನಿಮ್ಮ ಮೇಲೆ ನನಗಿರುವ ಗೌರವ ಇದರಿಂದ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ನಿಮ್ಮ ಮಗಳು


ಮೇ 19

ಚಿನ್ನು,

ಕೇಳಿಸುವುದಿಲ್ಲ. ಆರು ವರ್ಷವಾಯಿತು.

ಮೊದಲು ಮೇಲಿನ ಎರಡು ಸ್ವರ ಹೋದವು, ಆಮೇಲೆ ನಾಲ್ಕು, ಈಗ ಎಂಟೂ ಇಲ್ಲ. ಕೀ ಒತ್ತಿದರೆ ಬರೀ ಮರದ ಸದ್ದು. ಫೋನಿನಲ್ಲಿ ನಿನ್ನ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ, ಅದಕ್ಕೇ ನಿಮ್ಮಮ್ಮನ ಕೈಗೆ ಕೊಡುತ್ತಿದ್ದೆ. ನೀನು ಅದನ್ನು ಸಿಟ್ಟು ಎಂದುಕೊಂಡೆ. ಹಾಗೆಯೇ ಇರಲಿ ಎಂದು ಬಿಟ್ಟೆ, ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸಿಟ್ಟಿನವನು ಅನ್ನಿಸಿಕೊಳ್ಳುವುದು ಸುಲಭ.

ಮೊದಲ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕೈಯ ಅಂದಾಜಿನಲ್ಲಿ ತಂತಿ ಬಿಗಿಯುವ ಲಿವರ್ ತಿರುಗಿಸುತ್ತಿದ್ದೆ. ಶಾಲೆಯ ಪಿಯಾನೊ ಆಗಲೇ ಹಾಳಾದದ್ದು. ಮೇಲಿನ ಸ್ವರಗಳು ಕಿರುಚುತ್ತವೆ ಎಂದು ಸಂಗೀತದ ಟೀಚರ್ ಎರಡು ಸಲ ಹೇಳಿಕಳಿಸಿದರು. ಎರಡು ಸಲ ಹೋಗಿ, ನನಗೆ ಕೇಳಿಸದ್ದನ್ನು ಇನ್ನಷ್ಟು ಕೆಡಿಸಿ ಬಂದೆ. ಆ ಪಿಯಾನೊ ಕೆಟ್ಟಿದೆ ಎಂದೇ ಅವರು ಕೀಬೋರ್ಡ್ ಹುಡುಕಿದ್ದು. ಅದನ್ನು ಹೊರಗೆ ಹಾಕಿಸಿದವಳು ನೀನಲ್ಲ, ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನೆಲದ ಬದಲು ಮಗಳನ್ನು ಅಂದೆ. ಅದಕ್ಕೆ ನಾನು ನಿನ್ನ ಕ್ಷಮೆ ಕೇಳಬೇಕು, ಕೇಳುತ್ತಿದ್ದೇನೆ.

ಅಂದು ರಾತ್ರಿ ನೀನು ಎದ್ದುಹೋದ ಮೇಲೆ ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನನ್ನ ಕಿವಿ ಇದ್ಯಲ್ಲ" ಅಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಗೊರಗೊರ ಸದ್ದಿನ ನಡುವೆ ಮಾತು ಹೆಕ್ಕಿದ ಕಿವಿ. ಮೇಲಿನ ಒಂದೊಂದು ಸ್ವರಕ್ಕೂ ಮೂರು ಮೂರು ತಂತಿ. ಅವು ಒಂದಕ್ಕೊಂದು ಹೊಂದದಿದ್ದರೆ ದನಿಯಲ್ಲಿ ನಡುಕ ಇರುತ್ತದೆ, ಹೊಂದುತ್ತ ಬಂದ ಹಾಗೆ ನಡುಕ ನಿಧಾನವಾಗಿ ನಿಲ್ಲುತ್ತದೆ. ನಾನು ಲಿವರ್ ತಿರುಗಿಸುತ್ತೇನೆ. ನಡುಕ ನಿಂತಾಗ ಅವಳು ಬೆರಳು ಎತ್ತುತ್ತಾಳೆ. ನಾನು ಕೈ ನಿಲ್ಲಿಸುತ್ತೇನೆ. ನಾಲ್ಕು ವರ್ಷದಿಂದ ಹೀಗೇ. ಬಾಗಿಲು ಹಾಕಿಸಿದ್ದು ಇದಕ್ಕೇ.

ಬೇಕೆಂದೇ ಏರಿಸಿದ್ದು. ದೊಡ್ಡ ಸಭಾಂಗಣದಲ್ಲಿ ಮೇಲಿನ ಸ್ವರ ಗೆರೆಯ ಮೇಲೇ ಕೂತರೆ ಕೇಳುವವರಿಗೆ ಸಪ್ಪೆಯಾಗುತ್ತದೆ. ಕಿವಿ ಇದ್ದಾಗ ನಾನು ಮಾಡುತ್ತಿದ್ದದ್ದೂ ಹಾಗೆಯೇ, ಎಷ್ಟು ಏರಿಸಬೇಕೆಂದು ಅವಳಿಗೆ ಮೂರು ತಿಂಗಳು ಕೂರಿಸಿಕೊಂಡು ಕಲಿಸಿದ್ದೇನೆ. ಆದರೆ ನನ್ನ ಮಾತಿನ ಮೇಲೆ ಉಳಿಸಬೇಡ, ಕನಿಕರಕ್ಕಂತೂ ಉಳಿಸಲೇಬೇಡ. ಪರದೆ ಕಟ್ಟಿ ಹತ್ತು ಜನರ ಕಿವಿಗೆ ಕೇಳಿಸು. ಏರಿಸಿದ್ದು, ಇಳಿಸಿದ್ದು, ಎರಡನ್ನೂ. ಕಿವಿಗಳು ಏನು ಹೇಳುತ್ತವೋ ಅದನ್ನು ಮಾಡು, ಮತ್ತು ಹೇಳಿದ್ದನ್ನು ಬಿಚ್ಚಿ ಬರೆ.

ಶಾಲೆಗೆ ರಜೆ, ನಿನ್ನೆ ಮನೆಗೇ ಹೋಗಿ ಸಂಗೀತದ ಟೀಚರ್‌ಗೂ ನಿಜ ಹೇಳಿ ಬಂದೆ.

ನಿನ್ನ,
ಅಪ್ಪ


ಜೂನ್ 8

ಅಪ್ಪ, ಅಮ್ಮ ಇಬ್ಬರಿಗೂ,

ಅಪ್ಪನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದಕ್ಕೆ ಉತ್ತರ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಈಗ ನೀವು ಕೇಳಿದ್ದನ್ನು ಬಿಚ್ಚಿ ಬರೆಯುತ್ತೇನೆ.

ಪರದೆ ಕಟ್ಟಿದೆವು. ಪರದೆಯ ಹಿಂದೆ ನೀವು ಶ್ರುತಿ ಮಾಡಿದ ಪಿಯಾನೊ, ಅದರ ದನಿ ತುಂಬಿದ ನಮ್ಮ ಕೀಬೋರ್ಡ್ ಎರಡು ಥರ, ಏರಿಸಿದ್ದು ಮತ್ತು ಇಳಿಸಿದ್ದು, ಜೊತೆಗೆ ಹೊರಗಿನ ಕಂಪನಿಗಳ ಎರಡು ಯಂತ್ರ. ಮುಂದೆ ಹನ್ನೊಂದು ಜನ. ನುಡಿಸುವವರು, ಕಲಿಸುವವರು, ನಮ್ಮ ಕ್ಯಾಂಟೀನಿನ ಅಕ್ಕ, ಮೀಟರಿಲ್ಲದ ಮೀಟರಣ್ಣ. ಯಾವುದು ನಿಜವಾದ ಪಿಯಾನೊ ಎಂದು ಗುರುತು ಹಾಕಬೇಕಿತ್ತು. ಹೊರಗಿನ ಎರಡೂ ಮೊದಲ ಸುತ್ತಿನಲ್ಲೇ ಬಿದ್ದವು. ಐವರು ನಿಜವಾದ ಪಿಯಾನೊಗೇ ಗುರುತು ಹಾಕಿದರು, ಆರು ಜನ ನಮ್ಮ ಕೀಬೋರ್ಡಿಗೆ ಹಾಕಿದರು. ಆ ಆರೂ ಏರಿಸಿದ್ದಕ್ಕೇ. ಇಳಿಸಿದ್ದಕ್ಕೆ ಒಂದು ಗುರುತೂ ಬೀಳಲಿಲ್ಲ. ಆರರಲ್ಲಿ ಒಬ್ಬರು ಮೀಟರಣ್ಣ. ಪರದೆ ಸರಿಸಿದಾಗ ಅವರು ತಾವು ಹಾಕಿದ ಗುರುತನ್ನು ಎರಡು ಸಲ ನೋಡಿಕೊಂಡರು.

ಆಮೇಲೆ ಮೇಲಿನ ಎಂಟನ್ನು ಒಂದೊಂದಾಗಿ ಕೇಳಿಸಿದೆ. ಮೊದಲ ಐದಕ್ಕೆ ಎಲ್ಲರೂ ತಲೆದೂಗಿದರು. ಕೊನೆಯ ಮೂರಕ್ಕೆ ಒಂಬತ್ತು ಜನ ಒಂದೇ ಮಾತು ಬರೆದರು, ದನಿ ನಡುಗುತ್ತದೆ. ಪಿಯಾನೊದಲ್ಲೂ ನಡುಕ, ಕೀಬೋರ್ಡಿನಲ್ಲೂ ನಡುಕ. ಆ ಮೂರು ಕೀಗಳ ತಂತಿಗಳು ತಮ್ಮತಮ್ಮಲ್ಲೇ ಹೊಂದಿಲ್ಲ, ಕಂಪ್ಯೂಟರಿನಲ್ಲಿ ಏರಿಸಿದರೂ ಇಳಿಸಿದರೂ ಅದು ಹೋಗುವುದಿಲ್ಲ. ನಿಜ ಹೇಳುತ್ತೇನೆ, ರೆಕಾರ್ಡ್ ಮಾಡುವಾಗಲೇ ನನಗೆ ಅದು ಕೇಳಿಸಿತ್ತು. ಅಪ್ಪನ ಕೆಲಸ, ನನ್ನ ಕಿವಿಯದೇ ತಪ್ಪಿರಬೇಕು ಎಂದು ಸುಮ್ಮನಾದೆ. ಆಗಲೇ ಬಾಯಿಬಿಡಬೇಕಿತ್ತು.

ಐದನೆಯ ಕೀಯ ದನಿಯನ್ನೇ ಎಳೆದು ಮೂರಕ್ಕೂ ಹೊಂದಿಸೋಣ, ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ ಇಲ್ಲಿ. ಅಣ್ಣನ ಅಂಗಿ. ನನಗೆ ಗೊತ್ತಾಗುತ್ತದೆ ಎಂದು ಹೇಳಿ ಸಭಾಂಗಣವನ್ನೂ ಪಿಯಾನೊವನ್ನೂ ಇದೇ 24ರವರೆಗೆ ಹಿಡಿದಿಟ್ಟುಕೊಂಡಿದ್ದೇನೆ. ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಮಗಳು


ಜೂನ್ 15

ಮಗಳೇ,

ಈ ಕಾಗದ ನಾನೇ ಬರೆಯಬೇಕು, ನಿಮ್ಮಪ್ಪನಿಗೂ ಹಾಗೇ ಹೇಳಿದೆ.

ಆ ಮೂರು ಸ್ವರ ಕೆಟ್ಟದ್ದು ಅವರ ಕೈಯಿಂದಲ್ಲ, ನನ್ನ ಕಿವಿಯಿಂದಲೂ ಅಲ್ಲ. ಎರಡನೆಯ ದಿನ ಸಂಜೆಯ ಹೊತ್ತು, ಬೆಳಿಗ್ಗೆಯಿಂದ ಬಗ್ಗಿ ನಿಂತೇ ಇದ್ದರು. ಕೊನೆಯ ಮೂರಕ್ಕೆ ಬರುವಷ್ಟರಲ್ಲಿ ಲಿವರನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಹಣೆಯ ಬೆವರು ಒರೆಸಿಕೊಳ್ಳಲೂ ನಿಲ್ಲಿಸಲಿಲ್ಲ. ನಾನು ಅವರ ಮುಖ ನೋಡುತ್ತ ಕೂತಿದ್ದೆ. ತಂತಿಯ ನಡುಕ ಇನ್ನೂ ಇತ್ತು, ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಇಷ್ಟು ಸಾಕು, ಇವರು ಕೂತುಕೊಳ್ಳಲಿ ಅನ್ನಿಸಿತು. ಬೆರಳು ಎತ್ತಿಬಿಟ್ಟೆ. ಮೂರು ಸಲವೂ ಹಾಗೇ ಮಾಡಿದೆ. ಅವರು ನನ್ನ ಬೆರಳನ್ನು ನಂಬಿ ಕೈ ನಿಲ್ಲಿಸಿದರು. ಆಮೇಲಿನ ಬೆಳಗುಗಳಲ್ಲೂ ಆ ಮೂರು ಸರಿಯಿವೆ ಎಂದೇ ಹೇಳಿದೆ.

ನಿನ್ನ ಕಾಗದ ಬಂದ ದಿನವೇ ಅವರಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಲಿವರಿಗೆ ಎಣ್ಣೆ ಒರೆಸಿ ಬಟ್ಟೆಯಲ್ಲಿ ಸುತ್ತುತ್ತ ಹೇಳಿದರು, "ನಂಗೆ ಸುಸ್ತಾಗಿದ್ದು ನಿಂಗೆ ಕಾಣ್ತು, ಸರಿ. ಆದ್ರೆ ಅದು ಉಳಿಯೋ ಕೆಲಸ. ನನ್ನ ಕೈ ಬಿದ್ದುಹೋದ್ರೂ ಸರಿ, ನಡುಕ ನಿಲ್ಲೋ ತನಕ ಬೆರಳು ಎತ್ತಬೇಡ." ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಸೋಮವಾರ ಬೆಳಿಗ್ಗೆಯ ಗಾಡಿಗೆ ಇಬ್ಬರೂ ಹೊರಡುತ್ತೇವೆ. ಯಾರ ಅಂಗಿಯನ್ನೂ ಯಾರಿಗೂ ತೊಡಿಸಬೇಡ, ಮೂರೂ ಹೊಸದಾಗಿ ರೆಕಾರ್ಡ್ ಆಗಲಿ. ಈ ಸಲ ಬಾಗಿಲು ತೆಗೆದೇ ಇರಲಿ, ನೀನೂ ಒಳಗೆ ಬಾ, ಮೀಟರಣ್ಣನೂ ಬರಲಿ. ಎರಡು ಸ್ಟೂಲು ಬೇಕು, ಒಂದು ಅವರಿಗೆ. ಇನ್ನೊಂದನ್ನು ಅವರ ಮುಂದೆ ಹಾಕು, ನಾನು ಅವರಿಗೆ ಬೆನ್ನು ಮಾಡಿ ಕೂರುತ್ತೇನೆ. ಅವರಿಗೆ ನನ್ನ ಬೆರಳು ಕಂಡರೆ ಸಾಕು. ಕೆಲಸ ಮುಗಿಯುವ ತನಕ ನಾನು ಅವರ ಮುಖ ನೋಡಬಾರದು.

ನಿನ್ನ ಅಮ್ಮ